ಆಲೆಮನೆಯವರ ಸೊಸೆಯ ನಾಲ್ಕನೆಯ ಬಸಿರು

ಕೂಸು ಅಳುವುದಿಲ್ಲವೆಂದು ನನಗೆ ಮೊದಲೇ ಗೊತ್ತಿತ್ತು. ಮರದ ಕೊಳವೆಯನ್ನು ಹೊಟ್ಟೆಗೆ ಒತ್ತಿ ಕಿವಿಯಿಟ್ಟಾಗ ತಾಯಿಯ ನಾಡಿಯ ಸದ್ದು ಬಿಟ್ಟರೆ ಬೇರೇನೂ ಕೇಳಿಸಿರಲಿಲ್ಲ. ಮಟಮಟ ಮಧ್ಯಾಹ್ನ ಹೆರಿಗೆಯಾಯಿತು. ಗಂಡುಮಗು, ತಿಂಗಳು ತುಂಬಿದ್ದ ಮಗು. ನನ್ನ ಕೈ ತಾಗಿದಲ್ಲೆಲ್ಲ ಅದರ ಚರ್ಮ ಬೇಯಿಸಿದ ಗೆಣಸಿನ ಸಿಪ್ಪೆಯಂತೆ ಜಾರಿ ಬಂತು.

ಬಾಣಂತಿಯ ಅತ್ತೆ ಬಿಸಿನೀರಿನ ಚೆಂಬು ಹಿಡಿದು ಬಾಗಿಲಲ್ಲಿ ನಿಂತಿದ್ದರು.

"ಇದೂ ಓಯ್ತಾ?" ಅಂದರು.

"ಇದೂ ಅಂದ್ರೆ?"

"ಇದು ಮೂರ್ನೇದು ಕಣಮ್ಮ. ಮೊದಲ್ನೇದು ಏಳ್ ತಿಂಗ್ಳಿಗೇ ಬಿತ್ತು. ಎಲ್ಡ್ನೇದು ಉಟ್ದಾಗ ಚೆನ್ನಾಗೇ ಇತ್ತು. ಮೂಗ್ ಕಟ್ಕಂಡು ಮೊಲೆ ಚೀಪಾಕಾಯ್ದೆ ಓಯ್ತು. ನಮ್ಮನೇಗೆ ಅದ್ಯಾವ ಗಾಳಿ ಮೆಟ್ಕಂಡದೋ ಕಾಣೆ."

ಅದು ಎಪ್ಪತ್ತರ ದಶಕದ ನಡುಭಾಗ. ಮದ್ದೂರು ತಾಲ್ಲೂಕಿನಲ್ಲಿ, ಚಿಕ್ಕರಸಿನಕೆರೆ ಕಡೆಯ ಒಂದು ಆರೋಗ್ಯ ಕೇಂದ್ರಕ್ಕೆ ನಾನು ನರ್ಸಾಗಿ ಬಂದು ಕೆಲವು ತಿಂಗಳಾಗಿತ್ತಷ್ಟೆ. ತರಬೇತಿಯಲ್ಲಿದ್ದಾಗ ಇಂಥದೇ ಒಂದು ಕೂಸನ್ನು ತೋರಿಸಿ ನಮ್ಮ ಸಿಸ್ಟರ್ ಒಂದು ಮಾತು ಹೇಳಿದ್ದರು: "ಹೀಗೆ ಚರ್ಮ ಸುಲಿದ ಕೂಸು ಕಂಡರೆ ತಾಯಿಯ ರಕ್ತ ನೋಡಿಸಿ." ಅತ್ತೆಗೆ ಆ ಮಾತು ಹೇಳದೆ ಮನಸ್ಸಿನಲ್ಲೇ ಇಟ್ಟುಕೊಂಡೆ. ಆಕೆ ಕೂಸಿಗೆ ಅರಿಸಿನದ ನೀರು ಹಾಕಿ, ಹಳೆಯ ಪಂಚೆಯೊಂದರಲ್ಲಿ ಸುತ್ತಿ, ಸ್ವಲ್ಪ ಹೊತ್ತು ತೊಡೆಯ ಮೇಲೇ ಇಟ್ಟುಕೊಂಡು ಕೂತಿದ್ದರು.

ನಾಲ್ಕು ದಿನ ಬಿಟ್ಟು ಮತ್ತೆ ಹೋದೆ. ಆ ಮನೆಯವರಿಗೆ ಊರಾಚೆ ಸ್ವಂತ ಆಲೆಮನೆಯಿತ್ತು. ಹಾಗಾಗಿ ಊರಿನಲ್ಲಿ ಎಲ್ಲರೂ ಅವಳನ್ನು ಆಲೆಮನೆಯವರ ಸೊಸೆ ಎಂದೇ ಕರೆಯುತ್ತಿದ್ದರು. ಅವಳಿಗೆ ಎದೆಹಾಲು ಇಳಿದು ಕುಪ್ಪಸವೆಲ್ಲ ಒದ್ದೆಯಾಗಿತ್ತು. ಎದೆ ಕಲ್ಲಿನಂತಾಗಿ ಜ್ವರ ಬಂದಿತ್ತು.

"ಪಕ್ಕದ್ಮನೆ ಕೂಸ್ಗೆ ಆಲು ಸಾಲ್ದು ಕಣಮ್ಮ," ಅಂದಳು. "ನನ್ ತಾವ ಕೊಡಿ, ಒಂದೊತ್ತು ಕುಡಿಸ್ತೀನಿ ಅಂದೆ. ನನ್ ಆಲು ಕುಡುದ್ರೆ ಕೂಸು ಉಳಿಯಾಕಿಲ್ಲ ಅಂತ ಎತ್ಕಂಡ್ ಒಂಟೋದ್ರು."

ಹಳೆಯ ಸೀರೆಯ ಪಟ್ಟಿಯಿಂದ ಅವಳ ಎದೆಯನ್ನು ಬಿಗಿಯಾಗಿ ಕಟ್ಟಿದೆ. ಅರಸೀಕೆರೆಯಲ್ಲಿ ನನ್ನ ಅಮ್ಮನ ಬಳಿ ಬೆಳೆಯುತ್ತಿದ್ದ ಮಗಳಿಗೆ ಆಗಿನ್ನೂ ವರ್ಷ ತುಂಬಿರಲಿಲ್ಲ. ಕೆಲಸಕ್ಕೆ ಸೇರಿದ ಮೊದಲ ವಾರ ನನ್ನ ಎದೆಗೂ ಹೀಗೇ ಕಟ್ಟಿಕೊಂಡಿದ್ದೆ. ನನ್ನ ಕೂಸು ಬದುಕಿತ್ತು, ಬಸ್ಸು ಹತ್ತಿದರೆ ಸಿಗುತ್ತಿತ್ತು. ಗಂಟು ಹಾಕುವಾಗ ಅವಳ ಮುಖ ನೋಡಲು ನನ್ನಿಂದಾಗಲಿಲ್ಲ.

"ಒಸಿ ರಕ್ತ ತಗೋಬೇಕಾಗಿತ್ತು," ಅಂದೆ.

ಯಾಕೆಂದು ಅವಳು ಕೇಳಲಿಲ್ಲ. ಕೈ ಚಾಚಿದಳು.

ಆ ಪರೀಕ್ಷೆ ಮಂಡ್ಯದಲ್ಲೇ ಆಗಬೇಕಿತ್ತು. ನಮ್ಮಲ್ಲಿ ಫ್ರಿಜ್ಜಿರಲಿಲ್ಲ. ಮದ್ದೂರಿನ ಐಸ್‌ಕ್ಯಾಂಡಿ ಅಂಗಡಿಯಲ್ಲಿ ಮಂಜುಗಡ್ಡೆ ಕೊಂಡು, ಕಾಫಿಯ ಫ್ಲಾಸ್ಕಿಗೆ ತುಂಬಿ, ರಕ್ತದ ಸೀಸೆಯನ್ನು ಅದರಲ್ಲಿಟ್ಟು ಬಸ್ಸಿನಲ್ಲಿ ಒಯ್ದೆ. ಬಸ್ಸಿನ ಕುಲುಕಾಟಕ್ಕೆ ರಕ್ತ ಒಡೆದುಹೋಗಿತ್ತು. ಸೀಸೆಯನ್ನು ಬೆಳಕಿಗೆ ಹಿಡಿದು ನೋಡಿದ ಲ್ಯಾಬಿನವರು, ತಿಳಿ ಇರಬೇಕಾದ ಕಡೆ ಬರೀ ಕೆಂಪು ನೀರಿದೆ, ಇದರಲ್ಲಿ ಏನೂ ನೋಡಲಾಗದು ಎಂದು ವಾಪಸು ಕೊಟ್ಟರು. ಎರಡನೆಯ ಸಲ ಸೀಸೆಗಳನ್ನು ಕುದಿಸಿ ಬಿಸಿಲಲ್ಲಿ ಒಣಗಿಸಿದೆ. ರಕ್ತವನ್ನು ಅಲುಗಿಸದೆ ಹೆಪ್ಪುಗಟ್ಟಲು ಬಿಟ್ಟು, ಮೇಲೆ ನಿಂತ ಒಣಹುಲ್ಲಿನ ಬಣ್ಣದ ತಿಳಿಯನ್ನಷ್ಟೇ ಬೇರೆ ಸೀಸೆಗೆ ತೆಗೆದೆ. ಮಂಡ್ಯ ಮುಟ್ಟುವವರೆಗೂ ಫ್ಲಾಸ್ಕನ್ನು ತೊಡೆಯ ಮೇಲೇ ಹಿಡಿದು ಕೂತಿದ್ದೆ.

ಫಲಿತಾಂಶ ಬಂದಾಗ ನಮ್ಮ ಡಾಕ್ಟರು ಬಾಗಿಲು ಮುಂದೆ ಮಾಡಿ ನನ್ನನ್ನು ಕೂರಿಸಿದರು. ಮೈಸೂರಿನಲ್ಲಿ ಓದು ಮುಗಿಸಿ ಬಂದಿದ್ದ ಯುವಕ, ಮೆದುಮಾತಿನವರು.

"ಸಿಫಿಲಿಸ್ಸೇ," ಅಂದರು. "ಗಂಡನಿಂದ ಬಂದಿರುತ್ತೆ. ಇಬ್ಬರಿಗೂ ಒಟ್ಟಿಗೆ ಔಷಧಿ ಕೊಡಬೇಕು. ಒಬ್ಬರಿಗೇ ಕೊಟ್ಟರೆ ಬಾವಿಯ ಒಂದು ಮೂಲೆ ನೀರು ಮಾತ್ರ ಸೇದಿ ಹಾಕಿದ ಹಾಗೆ. ಮತ್ತೆ ತುಂಬಿಕೊಳ್ಳುತ್ತೆ."

ನಮ್ಮ ಕಡೆ ಅದಕ್ಕೆ ಪರಂಗಿ ಹುಣ್ಣು ಅನ್ನುತ್ತಿದ್ದರು. ಪರಂಗಿ ಅಂದರೆ ಹೊರದೇಶದವನು; ಬೇರೆ ಯಾರೋ ತಂದದ್ದು, ಬೇರೆಯವರಿಗೆ ಬರುವಂಥದ್ದು ಎಂಬ ಅರ್ಥ ಹೆಸರಿನಲ್ಲೇ ಇತ್ತು. ಆ ಕಾಯಿಲೆ ಮನೆಯಲ್ಲಿದೆ ಎಂದು ಊರಿಗೆ ಗೊತ್ತಾದರೆ ಆ ಮನೆಯವರ ಜೊತೆ ಯಾರೂ ಹೆಣ್ಣು ಕೊಟ್ಟು ತರುತ್ತಿರಲಿಲ್ಲ.

ಗಂಡಸರ ಹತ್ತಿರ ಗಂಡಸೇ ಮಾತಾಡಲಿ ಎಂದು ಡಾಕ್ಟರು ನಮ್ಮ ಹೆಲ್ತ್ ಇನ್ಸ್‌ಪೆಕ್ಟರನ್ನು ಕಳಿಸಿದರು. ಅವರು ಕೆಟ್ಟವರಲ್ಲ, ಆದರೆ ಗಂಟಲು ದೊಡ್ಡದು. ಆಲೆಮನೆಯ ಮುಂದೆ ಸೈಕಲ್ ನಿಲ್ಲಿಸಿ, ಕೂಲಿಯವರೆಲ್ಲ ಇರುವಾಗಲೇ, "ನಿಂಗೆ ಸೂಜಿ ಹಾಕ್ಬೇಕಂತೆ, ಗುಪ್ತರೋಗದ್ದು, ಬಾ" ಅಂದುಬಿಟ್ಟರು. ಯಾರೋ ಕಿಸಕ್ಕನೆ ನಕ್ಕರು. ಗಂಡ ಕಬ್ಬಿನ ಜಲ್ಲೆ ಹಿಡಿದು ಇನ್ಸ್‌ಪೆಕ್ಟರನ್ನು ಹೊಲದ ಬದುವಿನವರೆಗೆ ಅಟ್ಟಿಸಿಕೊಂಡು ಬಂದನಂತೆ. ಅಂದಿನಿಂದ ಆ ಮನೆಯ ಬಾಗಿಲು ನಮಗೆ ಮುಚ್ಚಿತು. ನಾನು ಬೀದಿಯಲ್ಲಿ ಕಂಡರೂ ಅತ್ತೆ ಸೆರಗು ಮುಂದಕ್ಕೆಳೆದುಕೊಂಡು ಒಳಗೆ ಹೋಗುತ್ತಿದ್ದರು.

ಹೀಗೇ ಒಂದು ಸುಗ್ಗಿ ಕಳೆಯಿತು. ಅವರ ಮನೆಯಲ್ಲಿ ನಿಡಘಟ್ಟದಿಂದ ಎರಡನೆಯ ಹೆಣ್ಣು ತರುವ ಮಾತು ನಡೆಯುತ್ತಿದೆ ಎಂದು ಕೇಳಿದೆ. ಇನ್ಸ್‌ಪೆಕ್ಟರ ಮಾತನ್ನು ಕೂಲಿಯವರು ತಮಾಷೆಯೆಂದು ನಕ್ಕು ಮರೆತಿದ್ದರು; ಆ ಹುಡುಗಿಗೂ ಇದೇ ಗತಿ ಎಂದು ತಿಳಿದವರು ಇಡೀ ಹೋಬಳಿಯಲ್ಲಿ ನಮ್ಮ ಕೇಂದ್ರದವರಷ್ಟೇ. ರೋಗಿಯ ಗುಟ್ಟನ್ನು ಬೇರೆಯವರಿಗೆ ಹೇಳುವಂತಿರಲಿಲ್ಲ. ನಿಡಘಟ್ಟದ ಮೇಲೆ ಹೋಗುವ ಬಸ್ಸು ಕಂಡಾಗಲೆಲ್ಲ ನಾನು ನೋಡದೇ ಇದ್ದ ಆ ಹುಡುಗಿ ನೆನಪಾಗುತ್ತಿದ್ದಳು.

ಒಂದು ಬೆಳಿಗ್ಗೆ ಕೇಂದ್ರದ ಹಿಂದಿನ ಬಾವಿಯ ಹತ್ತಿರ ಸೊಸೆ ಬಂದು ನಿಂತಿದ್ದಳು. ಕಂಕುಳಲ್ಲಿ ಬಿಂದಿಗೆ. ಅವಳ ಮನೆಗೂ ಆ ಬಾವಿಗೂ ಬಹಳ ದೂರ.

"ನಿಂತದೆ ಕಣಮ್ಮ," ಅಂದಳು. "ಮೂರು ತಿಂಗ್ಳಾಯ್ತು. ಮನೇಲಿ ಇನ್ನೂ ಯಾರ್ಗೂ ಏಳಿಲ್ಲ. ಏಳುದ್ರೆ ಎಣಿಸಾಕೆ ಸುರು ಮಾಡ್ತರೆ, ಇದು ಯಾವತ್ ಓದದು ಅಂತ." ಬಿಂದಿಗೆಯ ಬಾಯನ್ನು ಸವರಿದಳು. "ನನ್ ತಪ್ಪೇನಾರ ಇದ್ರೆ ಏಳ್ಬುಡಿ. ಏನ್ ಮಾಡು ಅಂದ್ರೂ ಮಾಡ್ತೀನಿ. ಇದೊಂದ್ ಉಳಿಸ್ಕೊಡಿ."

"ನಿಂದೇನೂ ತಪ್ಪಿಲ್ಲ ತಾಯಿ," ಅಂದೆ. ಅದಕ್ಕಿಂತ ಹೆಚ್ಚಿಗೆ ಹೇಳುವ ಹಕ್ಕು ನನಗಿರಲಿಲ್ಲ.

ಅವಳು ಹೋದ ಮೇಲೆ ಡಾಕ್ಟರಿಗೆ ಹೇಳಿದೆ, "ಈ ಸಲ ಅವಳ ಗಂಡನ ಹತ್ತಿರ ನಾನೇ ಹೋಗ್ತೀನಿ." ಹೆಂಗಸು ಹೋಗಿ ಇಂಥ ಮಾತಾಡುವುದೇ ಎಂದು ಅವರು ಹಿಂದೆಮುಂದೆ ನೋಡಿದರು. ಕೊನೆಗೆ ಚೀಟಿ ಬರೆದುಕೊಟ್ಟರು. ಸೂಜಿಯನ್ನು ನಮ್ಮಲ್ಲಿ ಬೇಡ, ಮಂಡ್ಯದಲ್ಲಿ ಹಾಕಿಸಿಕೊಳ್ಳಲಿ, ಅಲ್ಲಿ ಅವನನ್ನು ಯಾರೂ ಬಲ್ಲವರಿರುವುದಿಲ್ಲ ಎಂಬುದು ನನ್ನ ಯೋಚನೆ.

ಕೂಲಿಯವರು ಊಟಕ್ಕೆ ಹೋಗುವ ಹೊತ್ತು ನೋಡಿಕೊಂಡು ಆಲೆಮನೆಗೆ ಹೋದೆ. ಗಾಣ ನಿಂತಿತ್ತು. ಕೊಪ್ಪರಿಗೆಯಲ್ಲಿ ಕಬ್ಬಿನ ಹಾಲು ಕುದಿಯುತ್ತಿತ್ತು, ಅವನೊಬ್ಬನೇ ಉದ್ದನೆಯ ಜಾಲರಿಯಿಂದ ನೊರೆ ತೆಗೆಯುತ್ತಿದ್ದ. ನನ್ನನ್ನು ಕಂಡು ಮುಖ ಗಂಟಾಯಿತು.

"ಏನ್ ಬಂದ್ರಿ?"

"ನಿಮ್ಮ ಹೆಂಡ್ತಿ ಬಸುರಿ, ಅಣ್ಣ."

ಜಾಲರಿ ನಿಂತಿತು. ಅವನಿಗೆ ಗೊತ್ತಿರಲಿಲ್ಲ. ಮುಖದಲ್ಲಿ ಮೊದಲು ಸಂತೋಷ ಬಂತು, ಹಿಂದೆಯೇ ಹೆದರಿಕೆ. ಆ ಸಂತೋಷ ಕಂಡದ್ದರಿಂದಲೇ ನನಗೆ ಮುಂದಿನ ಮಾತು ಆಡಲು ಧೈರ್ಯ ಬಂದದ್ದು. ರಕ್ತದಲ್ಲಿ ಏನು ಸಿಕ್ಕಿತು, ಕೂಸುಗಳು ಯಾಕೆ ಹೋದವು, ಎಲ್ಲವನ್ನೂ ತಗ್ಗಿದ ದನಿಯಲ್ಲಿ ಹೇಳಿದೆ. ಇನ್ನೊಂದು ಹೆಣ್ಣು ತಂದರೆ ಅವಳ ಕೂಸುಗಳೂ ಹೀಗೇ ಹೋಗುತ್ತವೆ ಅಂದೆ.

ಅವನು ಜಾಲರಿಯನ್ನು ಕೊಪ್ಪರಿಗೆಯ ಅಂಚಿಗೆ ಒರಗಿಸಿದ.

"ಮದ್ವೆಗೆ ಮುಂಚೆ ಕಣಮ್ಮ," ಅಂದ. "ಬೆಲ್ಲದ ಲಾರಿ ಜೊತ್ಗೆ ದೂರದ್ ಮಂಡಿಗೆ ಓಗಿದ್ದೆ. ಒಂದ್ ಗಾಯ ಆಯ್ತು. ನೋವೂ ಇರ್ನಿಲ್ಲ. ತಾನಾಗೇ ಆರೋಯ್ತು. ಆರ್ದ್ ಮ್ಯಾಲೆ ಇನ್ನೇನು ಅಂದ್ಕಂಡೆ."

"ಗಾಯ ಆರುತ್ತೆ. ಕಾಯಿಲೆ ರಕ್ತದಲ್ಲಿ ಉಳಿದುಕೊಳ್ಳುತ್ತೆ."

"ಅಂಗಾರೆ ನನ್ ಕೂಸ್ಗೊಳ್ನ ನಾನೇ ತಿಂದ್ನಾ?"

"ತಿಂದದ್ದು ಕಾಯಿಲೆ. ಇದಿನ್ನೂ ಹೊಟ್ಟೆಯಲ್ಲಿದೆ. ಇದನ್ನ ಉಳಿಸ್ಕೋಬೋದು."

ಕೊಪ್ಪರಿಗೆಯ ಹಾಲು ಉಕ್ಕಿ ಬಂತು. ಅವನು ಬೇಗಬೇಗ ಒಲೆಯಿಂದ ಕಬ್ಬಿನ ಸಿಪ್ಪೆ ಹೊರಗೆಳೆದು ಉರಿ ತಗ್ಗಿಸಿದ. ಆಮೇಲೆ ನನ್ನ ಕಡೆ ತಿರುಗದೆಯೇ ಕೇಳಿದ, "ಅವಳ್ಗೆ ಏಳಿದ್ದೀರಾ?"

"ಇಲ್ಲ."

"ಏಳ್ಬ್ಯಾಡಿ. ನಾನ್ ಮಂಡ್ಯಕ್ಕೆ ಓಯ್ತೀನಿ, ಎಷ್ಟ್ ಸೂಜಿ ಬೇಕಾರೂ ಚುಚ್ಚುಸ್ಕತೀನಿ. ಅವಳ್ಗೆ ಮಾತ್ರ ಗೊತ್ತಾಗ್ಬಾರ್ದು."

ಒಪ್ಪಿದೆ. ಬೇರೆ ದಾರಿ ಕಾಣಲಿಲ್ಲ. ಅವನು ಮಾತಿಗೆ ತಪ್ಪಲಿಲ್ಲ. ಬೆಲ್ಲದ ಗಾಡಿಯ ಜೊತೆ ಮಂಡ್ಯಕ್ಕೆ ಹೋದಾಗಲೆಲ್ಲ ಸೂಜಿ ಹಾಕಿಸಿಕೊಂಡು ಬಂದ. ನಿಡಘಟ್ಟದ ಸಂಬಂಧವನ್ನೂ ತಾನೇ ಮುರಿದ.

ಬಸಿರಿನ ಸುದ್ದಿಯನ್ನು ಮನೆಯಲ್ಲಿ ಅವನೇ ಹೇಳಿ ಸೊಸೆಯನ್ನು ಕರೆತಂದ; ಅವಳ ಮೊದಲ ಸೂಜಿ ನಮ್ಮ ಕೇಂದ್ರದಲ್ಲಾಯಿತು. ರಕ್ತದ ದೋಷಕ್ಕೆ ಎಂದಷ್ಟೇ ಅವಳಿಗೆ ಹೇಳಿದ್ದೆವು. ಸೂಜಿಯಲ್ಲಿದ್ದದ್ದು ಪೆನಿಸಿಲಿನ್; ಅದು ಸುಲಭದ ಔಷಧಿಯಲ್ಲ. ಪುಡಿಗೆ ನೀರು ಬೆರೆಸಿ ಅಂಗೈಗಳ ನಡುವೆ ಉರುಳಿಸುತ್ತಲೇ ಇರಬೇಕು. ಗಟ್ಟಿ ಹಾಲಿನಂತಾಗುತ್ತದೆ, ಕೈ ನಿಧಾನವಾದರೆ ಸೂಜಿಯಲ್ಲೇ ಕಟ್ಟಿಕೊಳ್ಳುತ್ತದೆ. ಮೈಗೆ ಒಗ್ಗುತ್ತದೆಯೇ ಎಂದು ನೋಡಲು ಮುಂಗೈಯಲ್ಲಿ ಒಂದು ತೊಟ್ಟು ಚುಚ್ಚಿ, ಗುಳ್ಳೆ ಏಳಲಿಲ್ಲವೆಂದು ಖಾತ್ರಿಯಾದ ಮೇಲೆ ದಪ್ಪ ಸೂಜಿಯಲ್ಲಿ ಸೊಂಟದ ಕೆಳಗೆ ಆಳಕ್ಕೆ ಹಾಕಿದೆ. ವಾರಕ್ಕೊಂದರಂತೆ ಮೂರು ಆಗಬೇಕಿತ್ತು.

ಆ ಸಂಜೆ ಅವಳಿಗೆ ಮೈ ನಡುಗುವಂಥ ಜ್ವರ ಬಂತು. ಹೊಟ್ಟೆ ಬಿಗಿದು ಬಿಗಿದು ಬಿಡುತ್ತಿತ್ತಂತೆ. ರೋಗಾಣುಗಳು ಒಟ್ಟಿಗೆ ಸಾಯುವಾಗ ಕೆಲವರಿಗೆ ಹೀಗಾಗುತ್ತದೆ, ಒಂದು ದಿನದಲ್ಲಿ ಇಳಿಯುತ್ತದೆ ಎಂದು ಡಾಕ್ಟರು ಮೊದಲೇ ಎಚ್ಚರಿಸಿದ್ದರು. ಅದನ್ನು ನಾನು ಅವಳಿಗೂ ಹೇಳಿದ್ದೆ. ಆದರೆ ಬಸುರಿಯ ಹೊಟ್ಟೆ ಬಿಗಿಯುವಾಗ ಯಾವ ವಿವರಣೆ ನಿಲ್ಲುತ್ತದೆ? ಕುಟುಂಬ ಯೋಜನೆಯ ಹೆಸರಿನಲ್ಲಿ ಜನರನ್ನು ಹಿಡಿದು ಆಪರೇಷನ್ ಮಾಡುತ್ತಾರೆಂದು ಊರೂರಲ್ಲಿ ಸುದ್ದಿ ಹಬ್ಬಿದ್ದ ಕಾಲ ಬೇರೆ. ಮಾರನೆಯ ಬೆಳಿಗ್ಗೆ ನಾನು ಹೋದಾಗ ಅತ್ತೆ ಹೊಸ್ತಿಲಿಗೆ ಅಡ್ಡ ನಿಂತರು.

"ಬಸ್ರೀಗೂ ಆಪ್ರೇಸನ್ ಸೂಜಿ ಚುಚ್ಚಾಕ್ ಸುರು ಮಾಡ್ಕಂಡ್ರಾ? ನಿಂಗೂ ಒಂದ್ ಎಣ್ಣ್ ಕೂಸದೆ ಅಂತಾರೆ. ನಾಚ್ಕೆ ಆಗಾಕಿಲ್ವಾ ನಿಂಗೆ?"

ಒಳಗಿನಿಂದ ಸೊಸೆಯ ದನಿ ಬಂತು. ಕೂಗಲಿಲ್ಲ, ಬೈಯಲಿಲ್ಲ. "ಒಂಟೋಗಿ ನರ್ಸಮ್ಮ. ನಂಬಿದ್ದೆ ನಿಮ್ಮ."

ಅಂದೇ ಅವಳ ಅಣ್ಣ ಬಂದು, ಹಲಗೂರಿನ ಹತ್ತಿರದ ತವರಿಗೆ ಕರೆದುಕೊಂಡು ಹೋದ. ಜ್ವರ ಇಳಿಯಿತು, ಬಸಿರು ಉಳಿಯಿತು ಎಂದು ಗಂಡನಿಂದ ತಿಳಿಯಿತು. ಇನ್ನು ಸೂಜಿ ಮಾತ್ರ ಬೇಡವೇ ಬೇಡವೆಂದು ಅವಳು ಹಟ ಹಿಡಿದಿದ್ದಳು. ಎರಡನೆಯದು ತಡವಾದರೆ ಮತ್ತೆ ಮೊದಲಿನಿಂದ ಶುರುಮಾಡಬೇಕೆಂದು ಡಾಕ್ಟರು ಹೇಳಿದರು. ಮತ್ತೆ ಆ ಮೊದಲ ಸೂಜಿಗೆ ಅವಳು ಮೈ ಕೊಡುವುದು ಆಗದ ಮಾತು.

ನನ್ನ ಕೋಣೆಯಲ್ಲಿ ಕೂತು ಯೋಚಿಸಿದೆ. ಮೂರು ಕೂಸು ಕಳೆದುಕೊಂಡವಳಿಗೆ ಬರೀ "ರಕ್ತದ ದೋಷ" ಅಂದರೆ ಯಾಕೆ ನಂಬಬೇಕು? ನೋವು ತಿನ್ನುವುದು ಅವಳು, ಹೆದರುವುದು ಅವಳು. ಯಾತಕ್ಕೆ ಎಂಬುದು ಮಾತ್ರ ಅವಳಿಗೆ ಗೊತ್ತಿರಬಾರದು. ಅವಳಿಂದ ಮುಚ್ಚಿಟ್ಟು ಅವಳನ್ನು ಉಳಿಸಲು ಹೊರಟಿದ್ದೆವು.

ಆಲೆಮನೆಗೆ ಹೋದೆ. ಈ ಸಲ ಕೂಲಿಯವರಿದ್ದರು. ಅವನೇ ಎದ್ದು ಹೊಲದ ಬದುವಿಗೆ ಬಂದ.

"ಇವತ್ತು ಹಲಗೂರಿಗೆ ಹೊರಡಿ, ನಾನೂ ಬರ್ತೀನಿ," ಅಂದೆ. "ನಿಜ ಏನು ಅಂತ ನೀವೇ ಹೇಳಿ. ನೀವು ಹೇಳದಿದ್ರೆ ನಾನು ಹೇಳ್ತೀನಿ. ನಿಮಗೆ ಕೊಟ್ಟ ಮಾತು ಮುರೀತೀನಿ."

"ಅವಳು ನನ್ನ ಬುಟ್ಬುಡ್ತಾಳೆ."

"ಬಿಡಬೋದು."

ಅವನು ಹೆಗಲ ಮೇಲಿನ ಟವಲ್ಲಿನಿಂದ ಮುಖ ಒರೆಸಿಕೊಂಡ. ಒಳಗೆ ಹೋಗಿ ಅಂಗಿ ತೊಟ್ಟು ಬಂದ.

ಮದ್ದೂರಿನಿಂದ ಮಳವಳ್ಳಿ, ಅಲ್ಲಿಂದ ಹಲಗೂರು. ನಾನು ಮುಂದಿನ ಹೆಂಗಸರ ಸೀಟಿನಲ್ಲಿ, ಅವನು ಹಿಂದೆ. ಯಾರೂ ಕಂಡು ಕಥೆ ಕಟ್ಟದಿರಲೆಂದು ದಾರಿಯುದ್ದಕ್ಕೂ ಒಂದು ಮಾತೂ ಆಡಲಿಲ್ಲ. ಚೀಲದಲ್ಲಿ ಔಷಧಿಯ ಸೀಸೆ, ಸಿರಿಂಜಿನ ಸ್ಟೀಲ್ ಡಬ್ಬಿ. ಜೊತೆಗೆ, ಏನಾದರೂ ಹೆಚ್ಚುಕಡಿಮೆಯಾದರೆ ಇರಲಿ ಎಂದು ಡಾಕ್ಟರು ಕೊಟ್ಟ ಅಡ್ರಿನಲಿನ್.

ತವರಿನಲ್ಲಿ ಅವಳು ನನ್ನನ್ನು ಕಂಡು ಒಳಗೆ ಹೋಗಲು ಎದ್ದಳು. ಗಂಡ, "ಒಸಿ ಇತ್ತಗ್ ಬಾ. ಒಂದ್ ಮಾತ್ ಏಳ್ಬೇಕು," ಅಂದ. ಇಬ್ಬರೂ ಮನೆಯ ಹಿಂದೆ ಹುಲ್ಲಿನ ಮೆದೆಯ ಮರೆಗೆ ಹೋದರು. ನಾನು ಜಗಲಿಯಲ್ಲಿ ಅವಳ ಅವ್ವನ ಜೊತೆ ಅವರೆಕಾಯಿ ಸುಲಿಯುತ್ತ ಕೂತೆ. ಜಗಳದ ಸದ್ದು ಬರಬಹುದೆಂದು ಕಿವಿಯೆಲ್ಲ ಆ ಕಡೆಗೇ ಇತ್ತು. ಏನೂ ಕೇಳಿಸಲಿಲ್ಲ. ಮೊರ ತುಂಬ ಕಾಳಾದ ಮೇಲೆ ಅವನು ಒಬ್ಬನೇ ಬಂದ. ಅವಳ ಅವ್ವನ ಮುಖ ನೋಡದೆ, ನೀರೂ ಕುಡಿಯದೆ ಬಸ್ಸಿನ ದಾರಿ ಹಿಡಿದ.

ಆಮೇಲೆ ಅವಳು ಬಂದಳು. ಕಣ್ಣು ಒಣಗಿದ್ದವು.

"ಇನ್ನೆಷ್ಟವೆ?"

"ಇನ್ನೆರಡು."

"ಇವತ್ತೇ ಆಕಿ. ಅವ್ವ, ಒಲೆ ಮ್ಯಾಗೆ ನೀರ್ ಮಡುಗು, ಸೂಜಿ ಕುದಿಸ್ಬೇಕಂತೆ."

ಆ ದಿನ ಜ್ವರ ಬರಲಿಲ್ಲ. ಮುಂದಿನ ವಾರ ಮೂರನೆಯದಕ್ಕೆ ಹೋದಾಗ, ಚಾಪೆಯ ಮೇಲೆ ಮಗ್ಗುಲಾಗಿ ಮಲಗಿ, ಗೋಡೆ ನೋಡುತ್ತ ಕೇಳಿದಳು:

"ಅವ್ರೂ ಇಂಗೇ ಚುಚ್ಚುಸ್ಕಂಡ್ರಾ?"

"ಹೂಂ. ಮೂರೂ."

ಔಷಧಿ ಒಳಗಿಳಿಯುವವರೆಗೂ ಚಾಪೆಯ ಅಂಚನ್ನು ಬಿಗಿಯಾಗಿ ಹಿಡಿದಿದ್ದಳು. ಸೂಜಿ ತೆಗೆದ ಮೇಲೆ, "ಅವ್ರ್ಗೂ ನೋವಾಯ್ತಂತಾ?" ಅಂದಳು. ಆ ದನಿಯಲ್ಲಿ ಇದ್ದದ್ದು ಸಿಟ್ಟೋ ಮರುಕವೋ ನನಗೆ ತಿಳಿಯಲಿಲ್ಲ. ಅವಳಿಗೂ ತಿಳಿದಿತ್ತೋ ಇಲ್ಲವೋ.

ಹೆರಿಗೆಯಾದದ್ದು ಮಳವಳ್ಳಿ ಆಸ್ಪತ್ರೆಯಲ್ಲಿ. ನಾನಿರಲಿಲ್ಲ. ಸುದ್ದಿ ತಂದವನು ಗಂಡ. ನಮ್ಮ ಕೇಂದ್ರದ ಮೆಟ್ಟಿಲ ಬಳಿ ಬಂದು ಚಪ್ಪಲಿ ಕೈಯಲ್ಲಿ ಹಿಡಿದು ನಿಂತಿದ್ದ.

"ಎಣ್ಣು ಕಣಮ್ಮ," ಅಂದ. "ಅಳ್ತದೆ. ಒಂದೇ ಸಮ ಅಳ್ತದೆ."

"ನೋಡಿದ್ರಾ? ಹೇಗಿದೆ?"

"ನೋಡ್ನಿಲ್ಲ. ಒಳಿಕ್ ಬರ್ಬ್ಯಾಡ ಅಂದ್ಲು. ಆಚೆ ಕಿಟ್ಕಿ ತಾವ ನಿಂತ್ಕಂಡ್ ಕೇಳ್ದೆ."

ವಾರವಾರವೂ ಅವನು ಹಲಗೂರಿಗೆ ಹೋಗುತ್ತಿದ್ದ. ಮೊದಮೊದಲು ಬೀದಿಯಲ್ಲಿ ನಿಂತು ಬರುತ್ತಿದ್ದನಂತೆ. ಆಮೇಲೆ ಜಗಲಿಯವರೆಗೆ. ಮಗುವಿನ ರಕ್ತವನ್ನೂ ನಾವು ಮಂಡ್ಯಕ್ಕೆ ಕಳಿಸಿದೆವು, ದೋಷವಿರಲಿಲ್ಲ. ಮಗುವಿಗೆ ಹಲ್ಲು ಮೊಳೆಯುವ ಹೊತ್ತಿಗೆ ಅವಳೇ ಅಣ್ಣನ ಜೊತೆ ಗಂಡನ ಮನೆಗೆ ವಾಪಸು ಬಂದಳು. ಯಾಕೆ ಬಂದಳೆಂದು ಯಾರಿಗೂ ಹೇಳಲಿಲ್ಲ. ಅತ್ತೆ ಚಿಕ್ಕರಸಿನಕೆರೆಯ ದೇವರಿಗೆ ಹರಕೆ ಒಪ್ಪಿಸಿದರು. ಕೂಸು ಉಳಿದದ್ದು ಅದರಿಂದಲೇ ಎಂದು ಆಕೆಯ ನಂಬಿಕೆ. ಆ ನಂಬಿಕೆಯನ್ನು ಕೆಡಿಸಲು ಗಂಡ, ಹೆಂಡತಿ, ನಾನು, ಮೂವರಲ್ಲಿ ಯಾರೂ ಹೋಗಲಿಲ್ಲ.

ಇದನ್ನು ನಾನು ಇಷ್ಟು ವರ್ಷ ಯಾರಿಗೂ ಹೇಳಿರಲಿಲ್ಲ. ಈಗ ಬರೆಯುತ್ತಿರುವುದು ಆಮೇಲೆ ಬಂದ ಏಡ್ಸ್‌ನಿಂದಾಗಿ. ಕೆಲಸದ ಕೊನೆಯ ವರ್ಷಗಳಲ್ಲಿ ಅದೇ ಬಗೆಯ ದಂಪತಿಗಳು ನನ್ನ ಮುಂದೆ ಬಂದು ಕೂತರು. ಅದೇ ತಗ್ಗಿದ ತಲೆ, ಅದೇ "ಅವಳ್ಗೆ ಏಳ್ಬ್ಯಾಡಿ." ಜಗತ್ತಿನ ಊರೂರಲ್ಲೂ ಆಗ ಯಾರಾದರೊಬ್ಬಳು ನರ್ಸು ಇದೇ ಮಾತು ಕೇಳುತ್ತ ಕೂತಿದ್ದಿರಬೇಕು. ಪ್ರತಿ ದೇಶವೂ ಅದನ್ನು ಬೇರೆ ದೇಶದ ಕಾಯಿಲೆ ಎಂದಿತು, ನಮ್ಮವರು ಪರಂಗಿ ಹುಣ್ಣು ಅಂದ ಹಾಗೆಯೇ. ಅಷ್ಟರಲ್ಲಿ ಎಷ್ಟೋ ಮನೆಗಳು ಖಾಲಿಯಾದವು. ಗಂಡ ಹೆಂಡತಿಗೆ ಹೇಳಲಿ ಎಂದು ನಾನು ಆಗಲೂ ಕಾದಿದ್ದೇನೆ, ಒತ್ತಾಯಿಸಿದ್ದೇನೆ. ಆದರೆ ಹೇಳಿಯಾದ ಮೇಲೆ ಕೊಡಲು, ಆ ಮೊದಲ ವರ್ಷಗಳಲ್ಲಿ, ನನ್ನ ಚೀಲದಲ್ಲಿ ಏನೂ ಇರುತ್ತಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುವ ಮುಂಚೆ ನನಗೆ ಅರಸೀಕೆರೆಯ ಕಡೆಗೆ ವರ್ಗವಾಯಿತು. ಹೊರಡುವ ದಿನ ಆಲೆಮನೆಯವರ ಮನೆಗೆ ಹೋಗಿದ್ದೆ. ಅತ್ತೆ ಹೊಲಕ್ಕೆ ಹೋಗಿದ್ದರು. ಸೊಸೆ ನಡುಮನೆಯಲ್ಲಿ ಕೂತು ಮಗುವಿಗೆ ಹಾಲು ಕುಡಿಸುತ್ತಿದ್ದಳು. ಆ ಮಾತು ಈ ಮಾತು ಆಡಿದೆವು. ನಾನು ಎದ್ದು ನಿಂತಾಗ, ಮಗುವಿನ ತಲೆ ಸವರುತ್ತ, "ಒಂದ್ ಕೇಳ್ಲಾ?" ಅಂದಳು.

"ಕೇಳು."

"ಮೊದಲ್ನೇದು ಒಟ್ಟೇಲಿದ್ದಾಗ್ಲೇ ಗೊತ್ತಾಗಿ ಸೂಜಿ ಆಕಿದ್ರೆ, ಅದೂ ಉಳೀತಿತ್ತಾ?"

ಅವಳಿಗೆ ಇನ್ನೊಮ್ಮೆ ಅರ್ಧ ಮಾತು ಹೇಳಲು ನನಗೆ ಮನಸ್ಸಾಗಲಿಲ್ಲ.

"ಉಳೀತಿತ್ತು," ಅಂದೆ.

"ಮೂರೂನೂವಾ?"

"ಮೂರೂ ಉಳೀತಿದ್ವು."

ಅವಳು ತಲೆಯಾಡಿಸಿದಳು. ಮಗುವನ್ನು ಬಿಡಿಸಿ ಇನ್ನೊಂದು ಎದೆಗೆ ಹಾಕಿಕೊಂಡು ಸೆರಗು ಹೊದಿಸಿದಳು. ಬೀದಿಯ ಕೊನೆಯಲ್ಲಿ ಮದ್ದೂರಿನ ಬಸ್ಸು ಹಾರನ್ ಹೊಡೆಯಿತು.

"ಬಸ್ಸು ಓದ್ರೆ ಓಗ್ಲಿ," ಅಂದಳು. "ಇನ್ನೊಸಿ ಒತ್ತು ಕೂತ್ಕಳಿ."

ಕೂತೆ.